ಹಗ್ಗ ಬಿಚ್ಚುವ ಹೊತ್ತು

ಸಂಜೆ ನಾಲ್ಕೂವರೆಯಾದರೂ ಧಕ್ಕೆಯ ಕಾಂಕ್ರೀಟು ಕಾದೇ ಇತ್ತು. ಪಣಂಬೂರಿನ ನವಮಂಗಳೂರು ಬಂದರಿನೊಳಗೆ ನಾನು ನಿಂತ ಜಾಗದಿಂದ ಹಡಗಿನ ನೆತ್ತಿ ಕಾಣಬೇಕಾದರೆ ಕತ್ತನ್ನು ಪೂರಾ ಹಿಂದಕ್ಕೆ ವಾಲಿಸಬೇಕಿತ್ತು. ಬಿಳಿ ಗೋಡೆ, ಸಾಲು ಸಾಲು ಬಾಲ್ಕನಿ, ಅಲ್ಲಲ್ಲಿ ಒಣಗಲು ಹಾಕಿದ ಟವೆಲು. ಇಷ್ಟು ದೊಡ್ಡದನ್ನು ಹಿಡಿದು ನಿಲ್ಲಿಸಿದ್ದು ಕೆಲವೇ ಹಗ್ಗಗಳು. ಮಣಿಕಟ್ಟಿಗಿಂತ ದಪ್ಪ, ತುದಿಯಲ್ಲಿ ಹೆಣೆದ ದೊಡ್ಡ ಕುಣಿಕೆ, ಆ ಕುಣಿಕೆ ಧಕ್ಕೆಯಂಚಿನ ಕಬ್ಬಿಣದ ಗೂಟದ, ಅಂದರೆ ಬೊಲಾರ್ಡಿನ, ಕೊರಳಿಗೆ. ಅಲೆಯೇ ಇಲ್ಲದ ನೀರಿನಲ್ಲೂ ಹಡಗು ತುಸುವೇ ಅಲುಗುತ್ತಿತ್ತು. ಪ್ರತಿ ಸಲ ಹಗ್ಗ ಬಿಗಿದಾಗ ಎಳೆಗಳ ನಡುವಿನಿಂದ ನೀರು ಜಿನುಗಿ ಕಿರ್ರೆಂದು ಸದ್ದಾಗುತ್ತಿತ್ತು.

ಪ್ರತಿ ಹಗ್ಗಕ್ಕೂ ಒಂದೊಂದು ದುಂಡನೆ ತಗಡು ಸಿಕ್ಕಿಸಿದ್ದರು, ದೋಸೆ ಕಾವಲಿಗಿಂತ ದೊಡ್ಡದು. ಏನೆಂದು ಕೇಳಿದೆ. ಹಡಗಿನ ಹಗ್ಗ ಕಟ್ಟಿ ಬಿಚ್ಚುವ ಮೂರಿಂಗ್ ಗ್ಯಾಂಗಿನ ಹಿರಿಯರೊಬ್ಬರು ಕೈಗೆ ಗ್ಲೌಸು ಏರಿಸುತ್ತಾ ಹೇಳಿದರು: “ಇಲಿಗೆ ಅಡ್ಡ ಮಾರಾಯ್ರೇ. ಹಗ್ಗದ ಮೇಲೆ ನಡೆದುಕೊಂಡು ಹೋಗಿ ಹಡಗು ಹತ್ತುತ್ತವೆ. ಇದು ಉಂಟಾದರೆ ದಾಟಲಿಕ್ಕೆ ಆಗುವುದಿಲ್ಲ. ಅಲ್ಲಿನ ಇಲಿ ಇಲ್ಲಿಗೆ ಬರುವುದೂ ಬೇಡ ಅಲ್ವಾ?” ಪ್ಲೇಗು ಹಡಗು ಹತ್ತಿ ಬಂದರಿನಿಂದ ಬಂದರಿಗೆ ತಿರುಗಿದ ಕಾಲದ ಭಯ ಆ ತಗಡಿನಲ್ಲಿ ಇನ್ನೂ ಉಳಿದಿದೆ.

ಪ್ರವಾಸಿ ಹಡಗು ಬಂದ ದಿನ ಏನಾಗುತ್ತದೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಚೆಂಡೆ, ಯಕ್ಷಗಾನದ ವೇಷ, ಹಾರ, ಹಣೆಗೆ ಕುಂಕುಮ, ಮರುದಿನ ಪತ್ರಿಕೆಯಲ್ಲಿ ‘ಋತುವಿನ ಮೊದಲ ಹಡಗು’ ಎಂಬ ಚಿತ್ರ. ಅದೇ ಹಡಗು ಸಂಜೆ ಹೊರಟಿದ್ದರ ಚಿತ್ರ ಯಾರೂ ಹಾಕಿದ್ದು ನನಗೆ ನೆನಪಿಲ್ಲ. ಬಾಲ್ಯದಿಂದ ಬೀಚಿನಲ್ಲಿ ನಿಂತು ಹಡಗು ಸಣ್ಣದಾಗುವುದನ್ನು ನೋಡಿದವನು ನಾನು. ಅದು ನೆಲ ಬಿಡುವ ಗಳಿಗೆಯನ್ನು ಒಳಗೆ ನಿಂತು ನೋಡುವ ಆಸೆ ಎಷ್ಟೋ ವರ್ಷದ್ದು. ಅಂತೂ ಪಾಸು ಸಿಕ್ಕಿತು.

ಈ ಬಂದರಿನ ಕತೆಯನ್ನು ಹಳೆಯ ಕತ್ತರಿಕೆಗಳಿಂದ ಚುಟುಕಾಗಿ ಹೇಳಿಬಿಡುತ್ತೇನೆ. ನೇತ್ರಾವತಿ, ಗುರುಪುರ ನದಿಗಳು ಸೇರುವ ಅಳಿವೆಯ ಹಳೇ ಬಂದರಿಗೆ ದೊಡ್ಡ ಹಡಗು ಬರುವಷ್ಟು ಆಳವಿರಲಿಲ್ಲ. ಅವು ದೂರದಲ್ಲೇ ಲಂಗರು ಹಾಕುತ್ತಿದ್ದವು, ಸರಕು ದೋಣಿಗಳಲ್ಲಿ ಹೋಗಿಬರುತ್ತಿತ್ತು. ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು ದೆಹಲಿಯಲ್ಲಿ ಬೆನ್ನುಬಿಡದೆ ಓಡಾಡಿ ಪಣಂಬೂರಿಗೆ ಹೊಸ ಬಂದರು ತರಿಸಿದರು. 1965ರಲ್ಲಿ ತೀರಿಕೊಂಡ ಅವರು ಅದು ಮುಗಿದದ್ದನ್ನು ನೋಡಲಿಲ್ಲ. 1974ರ ಮೇ 4ರಂದು ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಣೆ, 1975ರ ಜನವರಿ 11ರಂದು ಇಂದಿರಾ ಗಾಂಧಿಯವರಿಂದ ಉದ್ಘಾಟನೆ. ಇದು ನದೀಮುಖದ ಬಂದರಲ್ಲ, ನೆಲ ಅಗೆದು ಮಾಡಿದ ಕೆರೆ. ಆ ಕೆರೆಗೆ ಮನೆ, ಗದ್ದೆ, ತೋಟ ಬಿಟ್ಟುಕೊಟ್ಟವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಕಾಟಿಪಳ್ಳ, ಕೃಷ್ಣಾಪುರದಲ್ಲಿದ್ದಾರೆ. ಬಂದರಿನ ಬಗ್ಗೆ ಬರೆಯುವವರೆಲ್ಲ ಅವರನ್ನು ಒಮ್ಮೆಯಾದರೂ ನೆನೆಯಬೇಕು.

ಪ್ರವಾಸಿ ಹಡಗುಗಳ ಋತು ಸುಮಾರಾಗಿ ನವೆಂಬರಿನಿಂದ ಮೇ. ಸಮುದ್ರದ ಮೂಲಕ ಇ-ವೀಸಾದಲ್ಲಿ ಬರಬಹುದಾದ ಬಂದರುಗಳ ಪಟ್ಟಿಯಲ್ಲಿ ಮಂಗಳೂರೂ ಇದೆ. 2020ರ ಮಾರ್ಚಿನಲ್ಲಿ ಕೊರೊನಾ ಭಯಕ್ಕೆ ಒಂದು ಹಡಗನ್ನು ಒಳಗೆ ಬಿಟ್ಟುಕೊಳ್ಳದೆ ವಾಪಸ್ ಕಳಿಸಿದರು. ಆಮೇಲೆ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಪ್ರವಾಸಿ ಹಡಗೇ ಇಲ್ಲ. 2022ರ ನವೆಂಬರಿನಲ್ಲಿ ‘ಯುರೋಪಾ 2’ ಬಂದಾಗ ಚೆಂಡೆಯವರು ಮತ್ತೆ ಸಾಲಾಗಿ ನಿಂತರು.

ಈ ಹಡಗುಗಳು ಯಾಕೆ ಸಂಜೆಯೇ ಹೊರಡುತ್ತವೆ? ಲೆಕ್ಕ ಸರಳ. ಇಲ್ಲಿಂದ ಉತ್ತರಕ್ಕೆ ಗೋವಾದ ಮರ್ಮಗೋವಾ 170 ನಾಟಿಕಲ್ ಮೈಲಿ, ದಕ್ಷಿಣಕ್ಕೆ ಕೊಚ್ಚಿ 191. ಹದಿನಾರು ನಾಟ್ ವೇಗದಲ್ಲಿ ಹೋದರೂ ಕೊಚ್ಚಿಗೆ ಹನ್ನೆರಡು ತಾಸು. ಪ್ರಯಾಣಿಕರು ಉಂಡು, ಮಲಗಿ, ಎದ್ದರೆ ಇನ್ನೊಂದು ಊರು. ಹಾಗಾಗಿ ಮಂಗಳೂರಿಗೆ ಸಿಗುವುದು ಒಂದು ಹಗಲು ಮಾತ್ರ. ಆ ಹಗಲಿನಲ್ಲೇ ಕದ್ರಿ, ಕುದ್ರೋಳಿ ದೇವಸ್ಥಾನಗಳು, ಇಟಲಿಯ ಆಂಟೋನಿಯೊ ಮೊಸ್ಕೇನಿ ಚಿತ್ರ ಬರೆದ ಸಂತ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ, ಪುರಸೊತ್ತಿದ್ದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಇಂಥ ಹಡಗುಗಳಿಂದ ಊರಿಗೆ ಡಾಲರಿನ ಮಳೆ ಸುರಿಯುತ್ತದೆ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಊಟ, ನಿದ್ದೆ, ಮನರಂಜನೆ ಎಲ್ಲ ಹಡಗಿನಲ್ಲೇ ಇದೆ, ಅದಕ್ಕೆ ದುಡ್ಡನ್ನೂ ಮೊದಲೇ ಕೊಟ್ಟು ಬಂದಿದ್ದಾರೆ. ಊರಿನ ಕೈಗೆ ಸಿಗುವುದು ಬಸ್ಸಿನ ಬಾಡಿಗೆ, ಗೈಡುಗಳ ದಿನಗೂಲಿ, ಒಂದಿಷ್ಟು ಗೋಡಂಬಿ ಪೊಟ್ಟಣ. ಆದರೂ ಅವರು ಬರಬೇಕು. ಬಂದವರ ಮುಖ ನೋಡಿದರೆ ನನಗೆ ಹಾಗೇ ಅನಿಸುತ್ತದೆ.

ಗ್ಯಾಂಗ್‌ವೇ ಮೆಟ್ಟಿಲ ಬುಡದಲ್ಲಿ ಅರ್ಧ ಗಂಟೆ ನಿಂತು ಆ ಮುಖಗಳನ್ನು ನೋಡಿದೆ. ಬಿಸಿಲಿಗೆ ಕೆಂಪಾದ ಮೂಗು, ಹಣೆಯಲ್ಲಿ ಅರ್ಧ ಅಳಿಸಿದ ಗಂಧ. ಎಪ್ಪತ್ತು ದಾಟಿದ ಹೆಂಗಸೊಬ್ಬರು ಕೋಲೂರಿಕೊಂಡು ಬಂದರು. ಇನ್ನೊಂದು ಕೈಯಲ್ಲಿ ಒಂದು ಚೆಂಡು ಮಲ್ಲಿಗೆ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಶಂಕರಪುರದ ಮಲ್ಲಿಗೆಯೇ ಅದು, ದೂರದಿಂದಲೇ ಗುರುತು ಸಿಕ್ಕಿತು. ಮುಡಿಯುವಷ್ಟು ಕೂದಲು ಆಕೆಗಿರಲಿಲ್ಲ. ಎರಡು ಹೆಜ್ಜೆಗೊಮ್ಮೆ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಮೇಲೆ ಬಾಗಿಲಲ್ಲಿ ನಿಂತವರು ಆಕೆಯ ಕಾರ್ಡು ಯಂತ್ರಕ್ಕೆ ತೋರಿಸಿದಾಗ ‘ಟಿಣ್’ ಎಂದಿತು. ಬೆಳಿಗ್ಗೆ ಇಳಿದವರು ಎಷ್ಟು, ಹತ್ತಿದವರು ಎಷ್ಟು, ಯಾರು ಬಾಕಿ ಎನ್ನುವುದೆಲ್ಲ ಆ ಯಂತ್ರಕ್ಕೆ ಗೊತ್ತು. ಹೊರಡುವ ವೇಳೆಗೆ ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ ಮೊದಲೇ ‘ಆಲ್ ಅಬೋರ್ಡ್’ ಸಮಯ. ಹಡಗಿನವರೇ ಕರೆದೊಯ್ದ ಬಸ್ಸು ತಡವಾದರೆ ಕಾಯುತ್ತಾರೆ. ತಾವಾಗಿಯೇ ಟ್ಯಾಕ್ಸಿ ಮಾಡಿಕೊಂಡು ಹೋದವರಿಗೆ ಆ ಭರವಸೆ ಇಲ್ಲ. ಅಂಥವರ ಪಾಸ್‌ಪೋರ್ಟನ್ನು ಸ್ಥಳೀಯ ಏಜೆಂಟರ ಕೈಗೆ ಕೊಟ್ಟು ಹಡಗು ಹೊರಟುಬಿಡುವುದು ಈ ಕ್ಷೇತ್ರದ ವಾಡಿಕೆ.

ಮೆಟ್ಟಿಲು ಒಳಗೆ ಸರಿಯಿತು. ಬಂದರಿನ ಪೈಲಟ್ ಆಗಲೇ ಮೇಲೆ ಹೋಗಿದ್ದರು. ಅವರು ಹಡಗಿನಲ್ಲಿದ್ದಾರೆ ಎಂಬುದಕ್ಕೆ ಅರ್ಧ ಬಿಳಿ, ಅರ್ಧ ಕೆಂಪಿನ ಬಾವುಟ. ಈ ಕೊಳ, ಈ ಕಾಲುವೆ, ಈ ಗಾಳಿ ಗೊತ್ತಿರುವುದು ಅವರಿಗೆ. ಎಂಥ ದೊಡ್ಡ ಕ್ಯಾಪ್ಟನ್ ಆದರೂ ಅವರ ಮಾತು ಕೇಳಿಕೊಂಡೇ ಹಡಗು ನಡೆಸಬೇಕು.

ವಾಕಿಟಾಕಿಯಲ್ಲಿ ಏನೋ ಗೊರಗೊರ ಎಂದಿತು. ಗ್ಯಾಂಗಿನವರು ಎರಡು ತಂಡವಾಗಿ ಹಡಗಿನ ತಲೆಯ ಕಡೆಗೂ ಬಾಲದ ಕಡೆಗೂ ನಡೆದರು. ಮೊದಲು ಇಲಿ ತಗಡು ತೆಗೆದಾಯಿತು. ಆಮೇಲೆ ಒಂದೊಂದೇ ಹಗ್ಗ. ಹಿರಿಯರು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. “ಬಿಗಿದ ಹಗ್ಗದ ನೇರಕ್ಕೆ ಯಾವತ್ತೂ ನಿಲ್ಲಬೇಡಿ. ತುಂಡಾದರೆ ಚಾಟಿ ಬೀಸಿದ ಹಾಗೆ ಬರುತ್ತದೆ, ಕಾಣುವುದೂ ಇಲ್ಲ.” ಅವರ ಜೀವ ಪ್ರತಿದಿನ ಆ ನೇರದ ಅಂಚಿನಲ್ಲೇ ಇರುತ್ತದೆ. ಬೆಳಗಿನ ಸ್ವಾಗತದಲ್ಲಿ ಇವರಿಗೊಂದು ಹೂವೂ ಸಿಕ್ಕಿರುವುದಿಲ್ಲ. ಹಡಗನ್ನು ನೆಲಕ್ಕೆ ಸೇರಿಸುವವರು, ನೆಲದಿಂದ ಬಿಡಿಸುವವರು ಇವರೇ.

ಹಡಗಿನವರು ಹಗ್ಗ ಸಡಿಲ ಬಿಟ್ಟರು. ಇಬ್ಬರು ಬಗ್ಗಿ ಕುಣಿಕೆಯನ್ನು ಬೊಲಾರ್ಡಿನಿಂದ ಎತ್ತಿ ಅಂಚಿಗೆ ಎಳೆದು ಕೈಬಿಟ್ಟರು. ಧೊಪ್! ಮೇಲಿನ ವಿಂಚು ಗುರುಗುಟ್ಟಿತು, ಹಗ್ಗ ನೀರು ಸುರಿಸುತ್ತಾ ಹಾವಿನ ಹಾಗೆ ಮೇಲೇರಿ ತೂತಿನೊಳಗೆ ಮಾಯವಾಯಿತು. ಹಡಗು ಹಿಂದೆ ಮುಂದೆ ಜಾರದಂತೆ ಓರೆಯಾಗಿ ಕಟ್ಟುವ ಹಗ್ಗಕ್ಕೆ ಸ್ಪ್ರಿಂಗ್ ಎನ್ನುತ್ತಾರೆ. ಕೊನೆಗೆ ಉಳಿದದ್ದು ಅದೊಂದೇ. ಅದೂ ಬಿದ್ದಿತು.

ಮೊದಲು ಏನೂ ಆಗಲಿಲ್ಲ. ಆಮೇಲೆ ಧಕ್ಕೆಗೂ ಹಡಗಿಗೂ ನಡುವೆ ಒಂದು ಗೇಣು ನೀರು. ನೋಡುತ್ತಿದ್ದಂತೆ ಒಂದು ಮಾರು. ಇಂಥ ಹಡಗುಗಳ ಹೊಟ್ಟೆಯಲ್ಲಿ ಅಡ್ಡಡ್ಡ ನೀರು ನೂಕುವ ಥ್ರಸ್ಟರುಗಳಿರುತ್ತವೆ. ಹಾಗಾಗಿ ಅದು ಮುಂದಕ್ಕೆ ಹೋಗದೆ, ಏಡಿಯಂತೆ ಪಕ್ಕಕ್ಕೆ ಸರಿಯಿತು. ಟಗ್ ದೋಣಿ ಕಾವಲಿಗೆ ನಿಂತಿತ್ತು ಅಷ್ಟೇ. ತಳದ ಕೆಸರು ಎದ್ದು ನೀರು ಚಹಾದ ಬಣ್ಣಕ್ಕೆ ತಿರುಗಿತು. ಮೇಲಿನ ಡೆಕ್ಕಿನಲ್ಲಿ ಸಾಲಾಗಿ ನಿಂತವರು ಕೈಬೀಸಿದರು. ಗ್ಯಾಂಗಿನ ಹಿರಿಯರೂ ಗ್ಲೌಸು ಕಳಚಿ ಕೈಬೀಸಿದರು.

ಆಗ ಹಡಗು ಕೂಗಿತು.

ಬಂದರಿನ ಹತ್ತಿರದ ಕುಳಾಯಿಯ ಅಜ್ಜಿಮನೆಯಲ್ಲಿ ಮಲಗಿ ಕೇಳಿದ ಕೂಗು ಅದು. ಇಷ್ಟು ಹತ್ತಿರದಿಂದ ಕೇಳಿದ್ದು ಇದೇ ಮೊದಲು. ಕಿವಿಗಿಂತ ಮೊದಲು ಪಕ್ಕೆಲುಬಿಗೆ ಗೊತ್ತಾಯಿತು. ಮನೆಗೆ ಬಂದ ಮೇಲೂ ಬಿಡದೆ ಅದರ ಬೆನ್ನು ಹತ್ತಿದೆ. ಸಿಕ್ಕಿದ ಸಂಗತಿ ನನ್ನನ್ನು ವಾರಗಟ್ಟಲೆ ಹಿಡಿದಿಟ್ಟಿದೆ. ಹಡಗುಗಳು ಒಂದಕ್ಕೊಂದು ಡಿಕ್ಕಿಯಾಗದಂತೆ ತಡೆಯಲು 1972ರ ಅಂತರರಾಷ್ಟ್ರೀಯ ನಿಯಮಗಳಿವೆ. ಅದರ ಅನುಬಂಧದಲ್ಲಿ ಹಡಗಿನ ಶ್ರುತಿಯನ್ನು ಅದರ ಉದ್ದಕ್ಕೆ ತಕ್ಕಂತೆ ಗೊತ್ತುಮಾಡಿದ್ದಾರೆ! 75 ಮೀಟರಿಗಿಂತ ಗಿಡ್ಡ ಹಡಗಾದರೆ 250ರಿಂದ 700 ಹರ್ಟ್ಸ್. 75ರಿಂದ 200 ಮೀಟರಿನೊಳಗೆ ಇದ್ದರೆ 130ರಿಂದ 350. 200 ಮೀಟರ್ ಮತ್ತು ಅದಕ್ಕೂ ಉದ್ದವಾದರೆ 70ರಿಂದ 200. ಮೈ ದೊಡ್ಡದಾದಷ್ಟೂ ದನಿ ಕೆಳಗೆ.

ಹಾರ್ಮೋನಿಯಂ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ನನ್ನ ಪೆಟ್ಟಿಗೆಯ ಎಡತುದಿಯ ಮನೆ ಸುಮಾರು 130 ಹರ್ಟ್ಸ್. ಅಂದರೆ ದೊಡ್ಡ ಹಡಗು ಅದಕ್ಕೂ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿದು ಕೂಗಬಹುದು. ಯಕ್ಷಗಾನದ ಯಾವ ಭಾಗವತರೂ ಮುಟ್ಟದ ಮಂದ್ರ. ಹೀಗೇಕೆ ಮಾಡಿದರೆಂದರೆ, ಮಂಜಿನಲ್ಲೋ ಜಡಿಮಳೆಯಲ್ಲೋ ಎದುರಿನ ಹಡಗು ಕಾಣದಿದ್ದಾಗ ದನಿ ಕೇಳಿಯೇ ಬರುತ್ತಿರುವವನ ಗಾತ್ರ ಅಂದಾಜಾಗಬೇಕು. ತಗ್ಗಿದ ದನಿ ಗಾಳಿಯಲ್ಲಿ ಬೇಗ ಕರಗುವುದೂ ಇಲ್ಲ. ದೂರದ ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ನಮಗೆ ದೊಡ್ಡ ಡೋಲಿನ ಗುದ್ದು ಮಾತ್ರ ಕೇಳುವುದಿಲ್ಲವೇ, ಹಾಗೆ. ದೊಡ್ಡ ಹಡಗಿನ ಕೂಗು ಎರಡು ನಾಟಿಕಲ್ ಮೈಲಿ, ಅಂದರೆ 3.7 ಕಿ.ಮೀ. ದೂರಕ್ಕೆ ಕೇಳಬಹುದೆಂದು ಅದೇ ಅನುಬಂಧದ ಅಂದಾಜು. ಅಜ್ಜಿಮನೆಯ ಚಾವಡಿ ಆ ಅಳತೆಯೊಳಗೇ ಬರುತ್ತದೆ.

ಕೂಗಿಗೆ ಭಾಷೆಯೂ ಇದೆ. ಒಂದು ಗಿಡ್ಡ ಕೂಗು ಎಂದರೆ ಬಲಕ್ಕೆ ತಿರುಗುತ್ತಿದ್ದೇನೆ. ಎರಡು ಎಂದರೆ ಎಡಕ್ಕೆ. ಮೂರು ಎಂದರೆ ಎಂಜಿನ್ನನ್ನು ಹಿಂದಕ್ಕೆ ಓಡಿಸುತ್ತಿದ್ದೇನೆ. ಐದು ಗಿಡ್ಡ ಕೂಗು ಸತತವಾಗಿ ಕೇಳಿಬಂದರೆ ‘ನೀನು ಏನು ಮಾಡುತ್ತಿದ್ದೀಯೆಂದು ನನಗೆ ಅರ್ಥವಾಗುತ್ತಿಲ್ಲ’ ಎಂದರ್ಥ. ಕಾಲುವೆಗೆ ಅಡ್ಡ ಬಂದ ಮೀನಿನ ಬೋಟಿನವರು ಅದನ್ನು ಕೇಳಿರುತ್ತಾರೆ. ಹೊರಡುವಾಗಿನ ಆ ಒಂದು ಉದ್ದ ಕೂಗು ಹೆಚ್ಚಾಗಿ ಸಂಪ್ರದಾಯ, ಹೋಗಿಬರುತ್ತೇನೆ ಎನ್ನುವುದು. ಬೆಳಗಿನ ಚೆಂಡೆಗೆ ಸಂಜೆ ಕೊಟ್ಟ ಉತ್ತರ ಅದೆಂದು ನಾನು ಅಂದುಕೊಂಡಿದ್ದೇನೆ.

ಹಡಗು ಕೊಳದೊಳಗೆ ತಿರುಗಿ ಬಂದರಿನ ಬಾಯಿಗೆ ಮುಖಮಾಡುವಷ್ಟರಲ್ಲಿ ಬೈಕು ಹತ್ತಿ ಪಣಂಬೂರು ಬೀಚಿಗೆ ಓಡಿದೆ. ನೀವೂ ನೋಡಬೇಕೆಂದಿದ್ದರೆ ಇದೇ ಜಾಗ. ಬಂದರಿನ ಗೋಡೆಯೊಳಗೆ ಎಲ್ಲರನ್ನೂ ಬಿಡಲಾಗದು, ಅದು ಸರಿಯೇ. ಆದರೆ ಇವತ್ತು ಹಡಗು ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಬೀಚಿನಲ್ಲಿ ಒಂದು ಬೋರ್ಡಿನಲ್ಲಿ ಬರೆದು ಹಾಕುವುದಕ್ಕೆ ಏನು ಕಷ್ಟ? ಚರುಮುರಿ ಗಾಡಿಯ ಸುತ್ತ ನೂರಾರು ಜನ ಇದ್ದರು. ಬ್ರೇಕ್‌ವಾಟರಿನ ಕಲ್ಲುರಾಶಿಯ ಮೇಲಿಂದ ಬಿಳಿ ಮಹಡಿಗಳು ತೇಲಿ ಬಂದಾಗಲೇ ಅವರಿಗೆ ಗೊತ್ತಾದದ್ದು. ಮಕ್ಕಳು ನೀರಂಚಿಗೆ ಓಡಿದರು. ತಲಾ 770 ಮೀಟರ್ ಉದ್ದದ ಆ ಎರಡು ಕಲ್ಲಿನ ತೋಳುಗಳ ನಡುವಿನಿಂದ ಹಡಗು ನಿಧಾನ ಹೊರಬಿದ್ದು, ತೆರೆದ ಸಮುದ್ರದ ಮೊದಲ ಅಲೆಗೆ ಮೂಗು ಒಂದಿಷ್ಟು ಎತ್ತಿತು. ಅಲ್ಲಿಂದ ಮುಂದೆ ಹೂಳೆತ್ತಿ ಆಳ ಮಾಡಿದ ಕಾಲುವೆ, ಉದ್ದ ಸುಮಾರು 7.5 ಕಿ.ಮೀ. ಪ್ರತಿ ಮಳೆಗಾಲ ಕಡಲು ಅದನ್ನು ಮುಚ್ಚುತ್ತದೆ, ಪ್ರತಿ ವರ್ಷ ಮತ್ತೆ ತೋಡುತ್ತಾರೆ.

ಬೈನಾಕ್ಯುಲರಿನಲ್ಲಿ ಪೈಲಟ್ ಬೋಟು ಹಡಗಿನ ಪಕ್ಕಕ್ಕೆ ಅಂಟಿಕೊಂಡದ್ದು ಕಂಡಿತು. ಗಾಳಿ, ಅಲೆ ತಗುಲದಂತೆ ಹಡಗು ತನ್ನ ಮೈಯನ್ನೇ ಅಡ್ಡ ಹಿಡಿದಿತ್ತು. ಎರಡೂ ಓಡುತ್ತಿರುವಾಗಲೇ ನೀರಿಗೆ ಹತ್ತಿರದ ಸಣ್ಣ ಬಾಗಿಲಿನಿಂದ ಹಗ್ಗದ ಏಣಿ ಇಳಿಯಿತು. ಅದರಲ್ಲಿ ಒಂದು ಕಿತ್ತಳೆ ಚುಕ್ಕೆ, ಒಂದೊಂದೇ ಮೆಟ್ಟಿಲು ಕೆಳಗೆ. ಅಲೆ ಬೋಟನ್ನು ಮೇಲಕ್ಕೆ ಎತ್ತಿದ ಕ್ಷಣ ನೋಡಿ ಪೈಲಟ್ ಅದಕ್ಕೆ ಕಾಲಿಟ್ಟರು. ಬೋಟು ಕಳಚಿಕೊಂಡು ಊರಿನತ್ತ ತಿರುಗಿತು. ಹಡಗು ಎಡಕ್ಕೆ, ಕೊಚ್ಚಿಯ ಕಡೆಗೆ ವಾಲಿತು.

ಸೂರ್ಯ ಮುಳುಗಿ ಹಡಗಿನ ದೀಪಗಳು ಒಂದೇ ಗೆರೆಯಾಗುವವರೆಗೂ ನಿಂತಿದ್ದೆ. ಅಷ್ಟು ಹೊತ್ತಿಗೆ ಅವರು ಊಟಕ್ಕೆ ಕೂತಿದ್ದಿರಬೇಕು. ಮಲ್ಲಿಗೆ ಹಿಡಿದಿದ್ದ ಆಕೆಯ ನೆನಪಾಯಿತು. ಎಸಿ ಕೋಣೆಯ ಮೇಜಿನ ಮೇಲೆ ಹಾಗೇ ಇಟ್ಟರೆ ರಾತ್ರಿಯೊಳಗೆ ಹೂವು ಕಂದಿಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಕೊಚ್ಚಿ ಮುಟ್ಟುವವರೆಗೂ ಘಮ ಇರುತ್ತದೆ. ಅದನ್ನು ಆಕೆಗೆ ಮೆಟ್ಟಿಲ ಬುಡದಲ್ಲೇ ಹೇಳಬೇಕಿತ್ತು.