ಫಿಲ್ಟರ್ ಹಾಕಿದವನೂ ನಾನೇ, ದಾರಿ ಬಿಟ್ಟವನೂ ನಾನೇ

ಕೊಡಿ ಹಬ್ಬಕ್ಕೆ ಇನ್ನೆರಡು ದಿನ ಇತ್ತು. ಹಾಸ್ಟೆಲಿನಿಂದ ಕೋಟೇಶ್ವರಕ್ಕೆ ಬಂದು ಬ್ಯಾಗ್ ಕೆಳಗಿಡುವಷ್ಟರಲ್ಲಿ ಚಿಕ್ಕಮ್ಮ ಬಂದರು. ಮುಖ ಸಪ್ಪಗಿತ್ತು. ಸೆರಗಿನ ಮರೆಯಿಂದ ಒಂದು ಫೋನ್ ತೆಗೆದು ನನ್ನ ಕೈಗಿಟ್ಟು, "ಮಗಾ, ನೀ ಕಂಪ್ಯೂಟರ್ ಓದೂದಲ್ದಾ, ಇದನ್ ಒಂಚೂರ್ ಕಾಣ್" ಎಂದರು. ಅದಕ್ಕಿಂತ ಹೆಚ್ಚು ಹೇಳಲು ಅವರಿಗೆ ಬಾಯಿ ಬರಲಿಲ್ಲ.

ಫೋನ್ ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ನನ್ನದೇ ಹಳೆಯ ಫೋನ್. ಹೊಸದು ಕೊಂಡಾಗ ಚಿಕ್ಕಮ್ಮನ ಮಗನಿಗೆ ಕೊಟ್ಟಿದ್ದೆ. ಈಗ ಆರನೇ ತರಗತಿಯಲ್ಲಿರುವ ಈ ಮಾಣಿ, ಕೊರೊನಾ ಕಾಲದಲ್ಲಿ ಅಕ್ಷರವನ್ನೂ ಫೋನಿನಲ್ಲೇ ಕಲಿತವನು. ಆಟದ ಆ್ಯಪ್ ಹುಡುಕುತ್ತಾ ಹೋದವನು ಯಾವುದೋ ಜಾಹೀರಾತು ಒತ್ತಿ, ಆ ವಯಸ್ಸಿನಲ್ಲಿ ನೋಡಬಾರದ್ದನ್ನು ನೋಡಿದ್ದ. ಒಮ್ಮೆಯಲ್ಲ, ಹಲವು ಬಾರಿ.

ನನಗೆ ಆಶ್ಚರ್ಯವಾದದ್ದು ಬೇರೆ ಕಾರಣಕ್ಕೆ. ಹಿಂದಿನ ರಜೆಯಲ್ಲಷ್ಟೇ ಅವರ ಮನೆಯ ವೈಫೈಗೆ ವಯಸ್ಕರ ಜಾಲತಾಣಗಳನ್ನು ತಡೆಯುವ ಫಿಲ್ಟರ್ ಹಾಕಿಕೊಟ್ಟು, "ಇನ್ನು ನೀವು ನಿಶ್ಚಿಂತೆಯಿಂದಿರಿ ಚಿಕ್ಕಮ್ಮಾ" ಎಂದು ದೊಡ್ಡ ಎಂಜಿನಿಯರ್ ಥರ ಹೇಳಿ ಹೋಗಿದ್ದೆ. ಹಾಗಾದರೆ ಮಾಣಿ ದಾಟಿದ್ದು ಹೇಗೆ? ಫೋನ್ ತೆರೆದು ನೋಡಿದಾಗ ಉತ್ತರ ಅಲ್ಲೇ ಇತ್ತು. ಹಾಸ್ಟೆಲಿನ ವೈಫೈಯಲ್ಲಿ ನಿರ್ಬಂಧಿಸಿದ ಸೈಟುಗಳನ್ನು ನೋಡಲು ನಾನು ಹಾಕಿಕೊಂಡಿದ್ದ ಉಚಿತ ವಿಪಿಎನ್ ಆ್ಯಪನ್ನು ತೆಗೆಯದೆ ಹಾಗೇ ಕೊಟ್ಟಿದ್ದೆ. ಮಾಣಿ ಅದನ್ನು ಒತ್ತಿದ್ದ, ಅಷ್ಟೇ. ನಾನು ಮುಚ್ಚಿದ ಬಾಗಿಲಿಗೆ ನನ್ನದೇ ಇನ್ನೊಂದು ಕೀಲಿ ಅವನ ಕೈಯಲ್ಲಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ದಾರಿ ಕೇಳಿದ ಹಾಗೆ

ಇದು ನಡೆಯುವ ಬಗೆ ಸರಳ. ಹೊಸಬರೊಬ್ಬರು ಕೋಟೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಒಂದು ಮನೆಯ ಹೆಸರು ಹೇಳಿ ದಾರಿ ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಅಂತರ್ಜಾಲದಲ್ಲಿ ದಾರಿ ಹೇಳುವ ಈ ಕೆಲಸವನ್ನು ಡಿಎನ್‌ಎಸ್ ಮಾಡುತ್ತದೆ. ನಾವು ಜಾಲತಾಣದ ಹೆಸರು ಕೊಟ್ಟರೆ ಅದು ವಿಳಾಸದ ಸಂಖ್ಯೆ ಕೊಡುತ್ತದೆ. ಮನೆಯ ಫಿಲ್ಟರ್ ಎಂದರೆ, ಕೆಲವು ಹೆಸರು ಕೇಳಿದರೆ "ಅಂಥ ಮನೆ ಈ ಊರಲ್ಲಿ ಇಲ್ಲ" ಎನ್ನುವ ದಾರಿಹೋಕ. ವಿಪಿಎನ್ ಹಾಕಿದರೆ ನಾವು ಈ ದಾರಿಹೋಕನನ್ನು ಕೇಳುವುದೇ ಇಲ್ಲ. ಮುಚ್ಚಿದ ಸುರಂಗದಲ್ಲಿ ಬೇರೆ ಊರಿಗೆ ಹೋಗಿ ಅಲ್ಲಿ ಕೇಳುತ್ತೇವೆ. ನಾವು ಎಲ್ಲಿಗೆ ಹೋದೆವೆಂದು ಬಸ್‌ಸ್ಟ್ಯಾಂಡಿನವರಿಗೆ ತಿಳಿಯುವುದಿಲ್ಲ.

ಹಾಗೆಂದು ಈ ಸುರಂಗವೇ ಕೆಟ್ಟದ್ದೇ? ನನ್ನ ತರಗತಿಯ ಗೆಳತಿಯೊಬ್ಬಳ ಅನುಭವ ಕೇಳಿ. ಅವಳು ಪಿಜಿಯಲ್ಲಿರುವವಳು. ಒಂದು ದಿನ ಮಾಲೀಕರು ನಗುತ್ತಾ, "ರಾತ್ರಿ ಎರಡು ಗಂಟೆವರೆಗೆ ಯಾರ್ಯಾರು ಯಾವ ಸೈಟ್ ನೋಡ್ತೀರಿ ಅಂತ ನಂಗೆಲ್ಲಾ ಗೊತ್ತಾಗತ್ತೆ" ಎಂದರಂತೆ. ಅವಳು ಆ ವಾರ ಹುಡುಕಿದ್ದು ತನ್ನ ಮುಟ್ಟಿನ ತೊಂದರೆಗೆ ಸಂಬಂಧಿಸಿದ ಮಾಹಿತಿಯನ್ನು. ಜಾಲತಾಣದೊಳಗೆ ಏನು ಓದಿದಳೆಂಬುದು ವೈಫೈ ಒಡೆಯನಿಗೆ ಕಾಣದಿದ್ದರೂ, ಯಾವ ಜಾಲತಾಣಕ್ಕೆ ಹೋದಳೆಂಬುದು ಕಾಣಬಹುದು. ಮರುದಿನದಿಂದ ಅವಳ ಫೋನಿನಲ್ಲಿ ವಿಪಿಎನ್ ಇದೆ. ಅದನ್ನು ತೆಗೆಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ.

ಖಾಸಗಿತನ ನಮ್ಮ ಹಕ್ಕು. ಅದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಆ ವಯಸ್ಸಿನ ಅಜ್ಜನೊಬ್ಬ ನಮ್ಮ ತಲೆಮಾರಿಗೆ ಗಳಿಸಿಕೊಟ್ಟ ಹಕ್ಕು ಇದು. ಮಕ್ಕಳ ಹೆಸರು ಹೇಳಿ ಅದನ್ನು ಬಿಟ್ಟುಕೊಡಬೇಕೆ? ಹಕ್ಕಿನ ಹೆಸರು ಹೇಳಿ ಮಕ್ಕಳ ಕೈ ಬಿಡಬೇಕೆ?

ಬೀಗ ಹಾಕಿದವರ ಅನುಭವ

ಎಲ್ಲವನ್ನೂ ಒಮ್ಮೆಗೇ ಮುಚ್ಚಿಬಿಡುವ ಪ್ರಯತ್ನ ನಮ್ಮಲ್ಲಿ ಆಗಿದೆ. 2015ರ ಜುಲೈ ಕೊನೆಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ 857 ಜಾಲತಾಣಗಳನ್ನು ತಡೆಯಲು ಆದೇಶಿಸಿತು. ಆ ಪಟ್ಟಿಯಲ್ಲಿ ಬರೀ ಹಾಸ್ಯದ ತಾಣಗಳೂ ಸೇರಿದ್ದವು. ವಿರೋಧ ಬಂದು ಕೆಲವೇ ದಿನಗಳಲ್ಲಿ ಆದೇಶ ಸಡಿಲಾಯಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಸೂಚನೆಯ ಮೇರೆಗೆ 827 ತಾಣಗಳಿಗೆ ಮತ್ತೆ ತಡೆ ಬಿತ್ತು. ಕೆಲವು ತಾಣಗಳು ಹೊಸ ವಿಳಾಸದಲ್ಲಿ ಮರಳಿದವು. ಉಳಿದದ್ದಕ್ಕೆ ವಿಪಿಎನ್ ಇದ್ದೇ ಇತ್ತು.

ವಯಸ್ಸು ಕೇಳಿ ಒಳಗೆ ಬಿಡುವ ದಾರಿಯೂ ಸುಲಭವಲ್ಲ. ಬ್ರಿಟನ್ನಿನಲ್ಲಿ 2025ರ ಜುಲೈ 25ರಿಂದ ಇಂಥ ತಾಣಗಳು ಬಳಕೆದಾರರ ವಯಸ್ಸು ಪರಿಶೀಲಿಸುವುದು ಕಡ್ಡಾಯವಾಯಿತು. ನಂತರದ ದಿನಗಳಲ್ಲಿ ಅಲ್ಲಿನ ಆ್ಯಪ್ ಡೌನ್‌ಲೋಡ್ ಪಟ್ಟಿಯ ಮೇಲ್ತುದಿಗೆ ಏರಿದ್ದು ವಿಪಿಎನ್ ಆ್ಯಪ್‌ಗಳು! ಅದೇ ವರ್ಷದ ಅಕ್ಟೋಬರಿನಲ್ಲಿ ಡಿಸ್ಕಾರ್ಡ್ ಸಂಸ್ಥೆ, ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಚಿತ್ರಗಳು ಹೊರಗಿನ ಗುತ್ತಿಗೆ ಸಂಸ್ಥೆಯೊಂದರ ಮೂಲಕ ಸೋರಿರಬಹುದು ಎಂದು ಹೇಳಿತು. ವಯಸ್ಸಿನ ತಕರಾರು ಬಗೆಹರಿಸಲು ಜನ ಕೊಟ್ಟಿದ್ದ ಚೀಟಿಗಳು ಅವು.

ಕೊಡಿ ಹಬ್ಬಕ್ಕೆ ಮಕ್ಕಳು ಕಳೆದುಹೋಗದಿರಲಿ ಎಂದು, ಬಂದವರೆಲ್ಲರ ಆಧಾರ್ ಕಾರ್ಡಿನ ಪ್ರತಿ ತೆಗೆದು ಒಂದು ಗೋಣಿಯಲ್ಲಿ ತುಂಬಿಟ್ಟರೆ ಹೇಗಿರುತ್ತದೆ? ಮಕ್ಕಳು ಹೇಗೂ ಗದ್ದಲದಲ್ಲಿ ನುಸುಳುತ್ತಾರೆ. ಗೋಣಿ ಮಾತ್ರ ಯಾರದೋ ಪಾಲಾಗುತ್ತದೆ.

ಅದೇ ಹಬ್ಬದ ತೊಟ್ಟಿಲಿನವರನ್ನು ನೋಡಿ. ಕಂಬದ ಮೇಲೆ ಒಂದು ಗೆರೆ ಎಳೆದಿರುತ್ತಾರೆ. ಮಗು ಗೆರೆಗಿಂತ ಎತ್ತರ ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತಾರೆ. ಹೆಸರು, ಊರು, ಅಪ್ಪನ ಹೆಸರು ಯಾವುದೂ ಬೇಡ. ವಯಸ್ಸಿನ ಪರಿಶೀಲನೆಯನ್ನೂ ಹೀಗೆ ಮಾಡಬಹುದು. "18 ತುಂಬಿದೆ" ಎಂಬ ಒಂದೇ ಉತ್ತರ ಜಾಲತಾಣಕ್ಕೆ ಸಿಗಬೇಕು, ಬೇರೇನೂ ಸಿಗಬಾರದು. ಯುರೋಪಿಯನ್ ಕಮಿಷನ್ 2025ರ ಜುಲೈಯಲ್ಲಿ ಮುಂದಿಟ್ಟ ಆ್ಯಪ್‌ನ ಮಾದರಿ ಇದೇ ತತ್ವದ ಮೇಲಿದೆ. ಎಂಜಿನಿಯರಿಂಗ್ ಓದುವ ಗೆಳೆಯರೇ, ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇದಕ್ಕಿಂತ ಒಳ್ಳೆಯದು ಬೇಕೆ?

ಸಾಧನ ಮಾಡುವವರು ಮನಸ್ಸು ಮಾಡಿದರೆ ಎರಡು ಕಡೆಯನ್ನೂ ಕಾಯಬಹುದು ಎನ್ನುವುದಕ್ಕೆ ಒಂದು ಉದಾಹರಣೆ ಇದೆ. ಡಿಎನ್‌ಎಸ್ ಪ್ರಶ್ನೆಯನ್ನೇ ಗುಪ್ತಲಿಪಿಯಲ್ಲಿ ಕಳಿಸುವ ವ್ಯವಸ್ಥೆಯನ್ನು ಫೈರ್‌ಫಾಕ್ಸ್ ತರಲು ಹೊರಟಾಗ, 2019ರಲ್ಲಿ ಬ್ರಿಟನ್ನಿನ ಇಂಟರ್ನೆಟ್ ಕಂಪನಿಗಳ ಸಂಘ ಅದನ್ನು ತಂದ ಮೊಜಿಲ್ಲಾವನ್ನು "ಇಂಟರ್ನೆಟ್ ಖಳನಾಯಕ" ಪ್ರಶಸ್ತಿಗೆ ಹೆಸರಿಸಿತು. ಮನೆಗಳ ಫಿಲ್ಟರ್ ಕೆಲಸ ಮಾಡುವುದಿಲ್ಲ ಎಂಬುದು ಅವರ ದೂರು. ಜನ ಸಿಟ್ಟಾದ ಮೇಲೆ ಸಂಘ ಹೆಸರು ಹಿಂಪಡೆಯಿತು. ಆದರೆ ದೂರಿನಲ್ಲಿ ಹುರುಳಿತ್ತು. ಮೊಜಿಲ್ಲಾ ಒಂದು ಉಪಾಯ ಇಟ್ಟಿತು. ಮನೆಯ ಅಥವಾ ಶಾಲೆಯ ಜಾಲದಲ್ಲಿ ಫಿಲ್ಟರ್ ಇದೆ ಎಂಬ ಸಂಕೇತ ಸಿಕ್ಕಿದರೆ ಫೈರ್‌ಫಾಕ್ಸ್ ಆ ಗುಪ್ತದಾರಿಯನ್ನು ತಾನಾಗಿ ಆನ್ ಮಾಡುವುದಿಲ್ಲ. ಬಳಕೆದಾರ ತಾನೇ ಬೇಕೆಂದು ಆನ್ ಮಾಡಿಕೊಂಡಿದ್ದರೆ ಅದನ್ನು ಆಫ್ ಮಾಡುವುದೂ ಇಲ್ಲ.

ಚಿಕ್ಕಪ್ಪನ ಆ್ಯಪ್

ಮನೆಯ ಕಥೆಗೆ ಬರುತ್ತೇನೆ. ಚಿಕ್ಕಪ್ಪ ಬೆಂಗಳೂರಿನಲ್ಲಿ ಹೋಟೆಲ್ ನಡೆಸುವವರು. ವಿಷಯ ತಿಳಿದು ವಿಡಿಯೊ ಕಾಲ್ ಮಾಡಿದರು. "ಅವ ಎಂತ ಕಾಂತ ಅಂದೇಳಿ ನಂಗ್ ಇಲ್ಲೇ ಗೊತ್ತಾಯ್ಕ್. ಅಂಥದ್ದೊಂದ್ ಆ್ಯಪ್ ಹಾಕ್" ಎಂದರು. ದೂರದಲ್ಲಿರುವ ಅಪ್ಪನ ಆತಂಕ ಅದು. ನಾನೂ ಒಂದು ಆ್ಯಪ್ ಹುಡುಕಿದೆ. ಹಾಕುವ ಮುಂಚೆ ಅದು ಕೇಳುವ ಅನುಮತಿಗಳನ್ನು ಓದಿದೆ: ಎಲ್ಲ ಸಂದೇಶ, ಎಲ್ಲ ಫೋಟೊ, ಮೈಕ್, ಇಪ್ಪತ್ನಾಲ್ಕು ಗಂಟೆ ಮಾಣಿ ಇರುವ ಜಾಗ. ಇವೆಲ್ಲ ಹೋಗಿ ಕೂರುವುದು ಯಾವ ದೇಶದ ಕಂಪನಿಯ ಸರ್ವರಿನಲ್ಲೋ. ಮಗುವನ್ನು ಅಪರಿಚಿತರಿಂದ ಕಾಯಲು ಹೋಗಿ ಅವನ ಬದುಕನ್ನೇ ಅಪರಿಚಿತರ ಕೈಗೆ ಕೊಟ್ಟ ಹಾಗೆ. ನಾನು ಹಾಕಲಿಲ್ಲ.

ಅದರ ಬದಲು ಮಾಣಿಯನ್ನು ಕರೆದುಕೊಂಡು ಕೋಟಿತೀರ್ಥ ಕೆರೆಯ ಕಡೆ ಹೋದೆ. ಮೆಟ್ಟಿಲ ಮೇಲೆ ಕುಳಿತು ತುಂಬಾ ಹೊತ್ತು ಮಾತಿಲ್ಲ. ಕೊನೆಗೆ ನಾನೇ, "ವಿಪಿಎನ್ ಬಿಟ್ಟುಹೋದದ್ದು ನನ್ನ ತಪ್ಪು" ಎಂದೆ. ಅವನು ತಲೆ ಎತ್ತಿ ನೋಡಿದ. ಮೊದಲ ಸಲ ಆ ಚಿತ್ರಗಳು ಬಂದಾಗ ಹೆದರಿದ್ದನಂತೆ. ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲವಂತೆ. "ಮತ್ತೆ ಅಮ್ಮನ ಹತ್ರ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ಫೋನ್ ಎಳ್ದ್ ಇಡ್ತ್ರ್ ಅಂದೇಳಿ ಹೆದ್ರಿಕೆ ಆಯ್ತ್ ಅಣ್ಣಾ" ಎಂದ.

ಈ ಒಂದು ಮಾತು ನನ್ನನ್ನು ಈಗಲೂ ಕಾಡುತ್ತದೆ. ಫಿಲ್ಟರ್ ಸೋತದ್ದು ಒಂದು ಸಲ. ಆದರೆ ಆ ಹೆದರಿಕೆಯಿಂದ ಅವನು ವಾರಗಟ್ಟಲೆ ಒಬ್ಬನೇ ಇದ್ದ. ಯಾವ ಫಿಲ್ಟರಿಗೂ ಅದು ಕಾಣುವುದಿಲ್ಲ.

ನಾವು ಮಾಡಿದ್ದು ಇಷ್ಟು

ಮೊದಲು ಆ ಉಚಿತ ವಿಪಿಎನ್ ತೆಗೆದೆ. ಗೌಪ್ಯತೆ ಕೊಡುತ್ತೇನೆ ಎನ್ನುವ ಎಲ್ಲವೂ ಅದನ್ನು ಕೊಡುವುದಿಲ್ಲ. ಫೇಸ್‌ಬುಕ್ ಒಡೆತನದ ಒನಾವೊ ಎಂಬ ವಿಪಿಎನ್ ಆ್ಯಪ್, ಬಳಕೆದಾರರ ಚಟುವಟಿಕೆಯ ಮಾಹಿತಿ ಸಂಗ್ರಹಿಸುತ್ತಿದ್ದ ಕಾರಣಕ್ಕೆ 2018ರಲ್ಲಿ ಆ್ಯಪಲ್‌ನ ಆ್ಯಪ್ ಸ್ಟೋರಿನಿಂದ ಹೊರಬೀಳಬೇಕಾಯಿತು. ಇನ್‌ಕಾಗ್ನಿಟೊ ಕೂಡ ಹಾಗೆಯೇ. ಅದು ಫೋನಿನಲ್ಲಿ ಚರಿತ್ರೆ ಉಳಿಸುವುದಿಲ್ಲ, ಅಷ್ಟೇ. ವೈಫೈ ಒಡೆಯನಿಂದ, ಇಂಟರ್ನೆಟ್ ಕಂಪನಿಯಿಂದ ನಮ್ಮನ್ನು ಅಡಗಿಸುವುದಿಲ್ಲ.

ಆಮೇಲೆ ಫಿಲ್ಟರನ್ನು ವೈಫೈ ಜೊತೆಗೆ ಮಾಣಿಯ ಫೋನಿನಲ್ಲೇ ಹಾಕಿದೆ. ಆಂಡ್ರಾಯ್ಡ್ 9ರಿಂದ ಈಚೆಗಿನ ಫೋನುಗಳಲ್ಲಿ "ಪ್ರೈವೇಟ್ ಡಿಎನ್‌ಎಸ್" ಎಂಬ ಆಯ್ಕೆ ಇದೆ. ಡಿಎನ್‌ಎಸ್ ಪ್ರಶ್ನೆಯನ್ನು ಮುಚ್ಚಿ ಕಳಿಸುವ ಗೌಪ್ಯತೆಯ ಸಾಧನ ಅದು. ಕುಟುಂಬಗಳಿಗಾಗಿ ಇರುವ ಡಿಎನ್‌ಎಸ್ ಸೇವೆಯ ಹೆಸರನ್ನು ಅಲ್ಲಿ ತುಂಬಿದರೆ ವಯಸ್ಕರ ತಾಣಗಳಿಗೂ ತಡೆ ಬೀಳುತ್ತದೆ, ಮೊಬೈಲ್ ಡೇಟಾದಲ್ಲೂ ಕೆಲಸ ಮಾಡುತ್ತದೆ. ಕ್ಲೌಡ್‌ಫ್ಲೇರ್ 2020ರಲ್ಲಿ ಶುರು ಮಾಡಿದ, ರೌಟರಿನಲ್ಲಿ 1.1.1.3 ಎಂದು ಹಾಕಿಕೊಳ್ಳುವ ಉಚಿತ ಸೇವೆ ಇಂಥದ್ದು. ಅಂದರೆ ಗೌಪ್ಯತೆಯ ಸಾಧನವೇ ಮಗುವಿನ ಕಾವಲೂ ಆಗಬಹುದು. ಅವೆರಡೂ ಯಾವಾಗಲೂ ಶತ್ರುಗಳಲ್ಲ. ಹೊಸ ಆ್ಯಪ್ ಹಾಕುವಾಗ ಚಿಕ್ಕಮ್ಮನ ಅನುಮತಿ ಬೇಕಾಗುವಂತೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಜೋಡಿಸಿದೆ. ಇನ್ನೊಂದು ವಿಪಿಎನ್ ಸುಮ್ಮನೆ ಬರಲಾರದು. ರಾತ್ರಿ ಎಲ್ಲರ ಫೋನೂ ಚಾವಡಿಯಲ್ಲಿ ಚಾರ್ಜ್ ಆಗಬೇಕು ಎಂಬ ನಿಯಮ ಬಂತು, ಚಿಕ್ಕಮ್ಮನದ್ದೂ ಸೇರಿ.

ಇದೆಲ್ಲ ಮಾಡುವಾಗ ಮಾಣಿ ಪಕ್ಕದಲ್ಲೇ ಕೂತಿದ್ದ. ಏನು ಹಾಕಿದ್ದೇವೆ, ಯಾಕೆ ಹಾಕಿದ್ದೇವೆ, ಏನನ್ನು ನಾವು ನೋಡುವುದಿಲ್ಲ ಎಂಬುದನ್ನೂ ಹೇಳಿದೆವು. ಅವನು ಗೆಳೆಯರಿಗೆ ಕಳಿಸುವ ಸಂದೇಶ ಯಾರೂ ಓದುವುದಿಲ್ಲ. ಅಂಥದ್ದೇನಾದರೂ ಮತ್ತೆ ಕಂಡರೆ ಬಂದು ಹೇಳಬೇಕು, ಹೇಳಿದ್ದಕ್ಕೆ ಫೋನ್ ಕಸಿಯುವುದಿಲ್ಲ ಎಂದು ಚಿಕ್ಕಮ್ಮ ಮಾತು ಕೊಟ್ಟರು. ಚಿಕ್ಕಪ್ಪ ಫೋನಿನಲ್ಲಿ ಸ್ವಲ್ಪ ಗೊಣಗಿದರು, ಆಮೇಲೆ ಒಪ್ಪಿದರು.

ವರ್ಷ ಕಳೆದಂತೆ ಈ ಬಿಗಿ ಸಡಿಲಾಗಬೇಕು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಕೇಳುತ್ತದೆ. ಮಕ್ಕಳನ್ನು ಹಿಂಬಾಲಿಸಿ ಜಾಹೀರಾತು ತೋರಿಸುವುದಕ್ಕೆ ಅದು ತಡೆ ಹಾಕಿರುವುದು ಒಳ್ಳೆಯದೇ. ಆದರೆ ಹನ್ನೊಂದರ ಮಾಣಿ, ಪಿಯುಸಿಯ ಹದಿನೇಳರ ಹುಡುಗಿ ಇಬ್ಬರೂ ಒಂದೇ ಅಲ್ಲ. ಈ ವ್ಯತ್ಯಾಸ ಕಾಯ್ದೆಗೆ ತಿಳಿಯದಿದ್ದರೂ ಮನೆಗೆ ತಿಳಿದಿರಬೇಕು.

ಹಬ್ಬದ ದಿನ ಎಲ್ಲರೂ ಕೋಟಿಲಿಂಗೇಶ್ವರನ ತೇರಿಗೆ ಹೋದೆವು. ಆ ಜನಜಂಗುಳಿಯಲ್ಲಿ ಅಕ್ಕನ ಮೂರು ವರ್ಷದ ಮಗಳು ಸೊಂಟದ ಮೇಲಿದ್ದಳು. ಮಾಣಿಗೆ ಚಿಕ್ಕಮ್ಮ, "ತಪ್ಪಿ ಹೋದ್ರೆ ಕೆರೆ ಮೆಟ್ಲ್ ಹತ್ರ ಬಾ, ನಾವ್ ಅಲ್ಲೇ ಇರ್ತ್" ಎಂದು ಹೇಳಿ ಬಿಟ್ಟರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಒಂದು ತಾಸಿನ ಮೇಲೆ ಮಾಣಿ ಕೈಯಲ್ಲಿ ಕಬ್ಬಿನ ಕೊಡಿ ಹಿಡಿದು ಮೆಟ್ಟಿಲ ಹತ್ತಿರ ತಾನೇ ಬಂದು ನಿಂತಿದ್ದ.

ನಿಮ್ಮ ಹಳೆಯ ಫೋನನ್ನು ಮನೆಯ ಮಕ್ಕಳಿಗೆ ಕೊಡುವ ಯೋಚನೆ ಇದ್ದರೆ, ಕೊಡುವ ಮುಂಚೆ ಅದನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಮಾಡಿ ಕೊಡಿ. ಮತ್ತೆ ಅರ್ಧ ಗಂಟೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ನಾನು ಆ ಅರ್ಧ ಗಂಟೆ ಕೊಟ್ಟಿರಲಿಲ್ಲ.

– ಬಿಇ ವಿದ್ಯಾರ್ಥಿ, ಕೋಟೇಶ್ವರ