ಹೊಸ ಕ್ಲಚ್ ಹಾಕಿದರೂ ಗೇರ್ ಯಾಕೆ ಬೀಳುತ್ತಿಲ್ಲ?

ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ತರುವ ದೂರುಗಳಲ್ಲಿ ನನಗೆ ಹೆಚ್ಚು ಸಂಕಟವಾಗುವುದು ಇದನ್ನು ಕೇಳಿದಾಗ: "ಕ್ಲಚ್ ಪೂರ್ತಿ ಹೊಸದು ಹಾಕಿಸಿದ್ದೇನೆ, ಆದರೂ ರಿವರ್ಸ್ ಹಾಕಿದರೆ ಕರಕರ ಅನ್ನುತ್ತದೆ." ದುಡ್ಡು ಕೈಬಿಟ್ಟಿರುತ್ತದೆ. ಇಂಜಿನ್ ಒಮ್ಮೆ ಇಳಿದು ಮತ್ತೆ ಹತ್ತಿರುತ್ತದೆ. ಹಾಕಿದ ಸಾಮಾನಿನಲ್ಲಿ ಒಂದೂ ಕೆಟ್ಟದ್ದಲ್ಲ, ಆದರೆ ಒಂದಕ್ಕೊಂದು ಜೋಡಿಯೂ ಅಲ್ಲ.

ನಾನು ಕೆಲಸ ಕಲಿತದ್ದು ದಾವಣಗೆರೆಯಲ್ಲಿ, ಅಂಬಾಸಿಡರ್ ಕಾರುಗಳ ಅಡಿ ಮಲಗಿ. ಈಗ ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರ ಎಂಜಿ ಕಾರುಗಳ ಕೆಲಸ ಮಾಡುತ್ತೇನೆ. ಎರಡಕ್ಕೂ ರಕ್ತಸಂಬಂಧವಿದೆ. ಅಂಬಾಸಿಡರಿನ 1489 ಸಿಸಿ ಇಂಜಿನ್ ಮತ್ತು 1955ರ ಎಂಜಿಎ ಕಾರಿನ ಇಂಜಿನ್ ಎರಡೂ 'ಬಿ ಸೀರೀಸ್' ಮನೆತನದವು. ಅದನ್ನೇ 1798 ಸಿಸಿಗೆ ಹಿಗ್ಗಿಸಿ 1962ರಲ್ಲಿ ಎಂಜಿಬಿಗೆ ಕೂರಿಸಿದರು. 1980ರ ತನಕ ಅಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು.

ಇಷ್ಟು ವರ್ಷ ಒಂದೇ ಹೆಸರಿನಲ್ಲಿ ಓಡಿದ ಕಾರು ಒಳಗೆ ಮಾತ್ರ ಬದಲಾಗುತ್ತಲೇ ಇತ್ತು. 1964ರ ಕೊನೆಯಲ್ಲಿ ಕ್ರ್ಯಾಂಕ್‌ಶಾಫ್ಟಿಗೆ 3ರ ಬದಲು 5 ಬೇರಿಂಗ್ ಬಂದವು. 1967ರ ಕೊನೆಯಲ್ಲಿ ಗೇರ್‌ಬಾಕ್ಸೇ ಬದಲಾಗಿ, ಗೇರ್ ಕರಕರ ಎನ್ನದೆ ಬೀಳಲು ನೆರವಾಗುವ ಸಿಂಕ್ರೊ ಮೊದಲ ಗೇರಿಗೂ ಬಂತು. ಅದರ ಹಿಂದೆಯೇ ಫ್ಲೈವೀಲು, ಸ್ಟಾರ್ಟರು ಬದಲಾದವು. ಮುಂದೆ ಮಾಲೀಕರ ಕೈಯಿಂದ ಕೈಗೆ ಹೋಗುತ್ತ, ಒಬ್ಬರು ಇಂಜಿನ್ ಬದಲಿಸಿರುತ್ತಾರೆ, ಇನ್ನೊಬ್ಬರು ಗೇರ್‌ಬಾಕ್ಸ್. ಹಾಗಾಗಿ ಕಾರಿನ ಪುಸ್ತಕದಲ್ಲಿರುವ ವರ್ಷ ಹೇಳಿ ಕ್ಲಚ್ ಕೊಳ್ಳಬಾರದು. ಇಂಜಿನ್ ನಂಬರ್ ನೋಡಬೇಕು: 18ಜಿ, 18ಜಿಎ ಎಂದಿದ್ದರೆ 3 ಬೇರಿಂಗಿನದು, 18ಜಿಬಿಯಿಂದ ಮುಂದೆ 5 ಬೇರಿಂಗಿನದು. ಗೇರ್‌ಬಾಕ್ಸನ್ನು ಬೇರೆಯಾಗಿಯೇ ಗುರುತಿಸಬೇಕು. "8 ಇಂಚಿನ ಎಂಜಿ ಕ್ಲಚ್" ಎಂದು ಕೇಳಿದರೂ ಸಾಲದು. ಎಂಜಿಎ, ಎಂಜಿಬಿ ಎರಡರದೂ 8 ಇಂಚೇ. ಆದರೆ ಎಂಜಿಎ ಪ್ರೆಷರ್ ಪ್ಲೇಟಿನಲ್ಲಿ ಸುರುಳಿ ಸ್ಪ್ರಿಂಗುಗಳಿವೆ, ಎಂಜಿಬಿಯಲ್ಲಿ ತಟ್ಟೆಯಾಕಾರದ ಒಂದೇ ಡಯಾಫ್ರಾಮ್ ಸ್ಪ್ರಿಂಗ್.

ಕ್ಲಚ್ ಕೆಲಸ ಮಾಡುವ ರೀತಿ ಸರಳ. ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರ್ ಆಯಿಲನ್ನು ತಳ್ಳುತ್ತದೆ. ಆಯಿಲು ಸ್ಲೇವ್ ಸಿಲಿಂಡರಿನ ರಾಡನ್ನು, ರಾಡು ಫೋರ್ಕನ್ನು, ಫೋರ್ಕು ರಿಲೀಸ್ ಬೇರಿಂಗನ್ನು ತಳ್ಳುತ್ತದೆ. ಎಂಜಿಬಿಯಲ್ಲಿ ಈ ಬೇರಿಂಗ್ ಗುಂಡುಗಳದ್ದಲ್ಲ, ಕಾರ್ಬನ್ ಉಂಗುರ. ಅದು ಸ್ಪ್ರಿಂಗಿನ ನಡುಭಾಗವನ್ನು ಒತ್ತಿದಾಗ ಕ್ಲಚ್ ಪ್ಲೇಟ್ ಬಿಡುಗಡೆಯಾಗುತ್ತದೆ. ಸ್ಲೇವ್ ರಾಡಿನ ಓಟ ಇರುವುದೇ ಅರ್ಧ ಇಂಚಿನ ಆಸುಪಾಸು. ಅದರಲ್ಲಿ ಸ್ವಲ್ಪ ಕಡಿಮೆಯಾದರೂ ಪ್ಲೇಟು ಪೂರ್ತಿ ಬಿಡುವುದಿಲ್ಲ, ಗೇರು ಬೀಳುವುದಿಲ್ಲ.

ಇತ್ತೀಚೆಗೆ ಒಂದು ಎಂಜಿಬಿ ಬಂತು. ಹೊಸ ಕ್ಲಚ್, ಹೊಸ ಸಿಲಿಂಡರುಗಳು. ಮಾಲೀಕರು ಸಿಲಿಂಡರಿನ ಮೇಲೆಯೇ ಅನುಮಾನಪಟ್ಟು ಮತ್ತೆ ಮತ್ತೆ ಏರ್ ತೆಗೆಸಿದ್ದರು. ನಾನು ಮೊದಲು ಪೆಡಲ್ ತುಳಿದು ನೋಡಿದೆ. ಏರ್ ಇದ್ದರೆ ಅಥವಾ ಆಯಿಲ್ ಸೋರುತ್ತಿದ್ದರೆ ಪೆಡಲ್ ಮೆತ್ತಗಿರಬೇಕು. ಇದು ಕೊನೆಯಲ್ಲಿ ಕಲ್ಲಿಗೆ ತಗುಲಿದಂತೆ ಗಟ್ಟಿಯಾಗಿ ನಿಂತಿತು. ಕಾರಿನಡಿ ಹೋಗಿ, ಇನ್ನೊಬ್ಬರಿಂದ ಪೆಡಲ್ ತುಳಿಸಿ, ರಾಡಿನ ಓಟ ಅಳೆದೆ. ಅರ್ಧ ಇಂಚಿಗೆ ಬಹಳ ಕಡಿಮೆ. ಫೋರ್ಕಿನ ರಬ್ಬರ್ ಬೂಟ್ ಬಿಚ್ಚಿ ಟಾರ್ಚ್ ಹಿಡಿದರೆ ಕಾರಣ ಕಣ್ಣಿಗೇ ಬಿತ್ತು. ಫೋರ್ಕು, ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗಿನ ಕಿಂಡಿಯ ಅಂಚಿಗೆ ಬಡಿಯುತ್ತಿತ್ತು. ಬಡಿದ ಜಾಗದಲ್ಲಿ ಅಲ್ಯುಮಿನಿಯಂ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು.

ಎಂಜಿಬಿಯಲ್ಲಿ ಕ್ಲಚ್ ನೋಡಬೇಕಾದರೆ ಇಂಜಿನ್ ಇಳಿಸಲೇಬೇಕು. ಇಳಿಸಿದೆವು. ಅದೃಷ್ಟಕ್ಕೆ ಮಾಲೀಕರು ಹಳೆಯ ಸಾಮಾನು ಎಸೆದಿರಲಿಲ್ಲ. ಎರಡೂ ರಿಲೀಸ್ ಬೇರಿಂಗುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಕಾರ್ಬನ್ ಸವೆದಿದ್ದರೂ ಹಳೆಯದೇ ಎತ್ತರವಿತ್ತು! ಹೊಸದು ಬೇರೆ ಗೇರ್‌ಬಾಕ್ಸಿಗೆ ಮಾಡಿದ್ದು. ಗಿಡ್ಡ ಬೇರಿಂಗ್ ಸ್ಪ್ರಿಂಗಿಗೆ ತಾಗಬೇಕಾದರೆ ಫೋರ್ಕು ಪೆಡಲ್ ತುಳಿಯುವ ಮೊದಲೇ ತನ್ನ ಓಟದಲ್ಲಿ ಒಂದಿಷ್ಟನ್ನು ಮುಗಿಸಿರುತ್ತದೆ. ಉಳಿದ ಓಟ ಮುಗಿಯುವಷ್ಟರಲ್ಲಿ ಕಿಂಡಿ ಅಡ್ಡ ಬರುತ್ತದೆ. ಸರಿಯಾದ ಬೇರಿಂಗ್ ಹಾಕಿದ ಮೇಲೆ ರಿವರ್ಸ್ ಸದ್ದಿಲ್ಲದೆ ಬಿತ್ತು.

ಬೇರಿಂಗ್ ತೀರ ಎತ್ತರವಾದರೆ ತೊಂದರೆ ಉಲ್ಟಾ, ಮತ್ತು ಅದು ತಡವಾಗಿ ಕಾಣಿಸುತ್ತದೆ. ಪ್ಲೇಟ್ ಸವೆದಂತೆ ಸ್ಪ್ರಿಂಗಿನ ನಡುಭಾಗ ಬೇರಿಂಗಿನ ಕಡೆಗೆ ಸರಿಯುತ್ತದೆ. ಬೇರಿಂಗಿಗೆ ಹಿಂದೆ ಸರಿಯಲು ಜಾಗವಿಲ್ಲದಿದ್ದರೆ, ಪೆಡಲ್ ಬಿಟ್ಟರೂ ಕ್ಲಚ್ ಅರೆಬರೆ ತುಳಿದಂತೆಯೇ ಇರುತ್ತದೆ. ಏರುದಾರಿಯಲ್ಲಿ ಇಂಜಿನ್ ಕೂಗುತ್ತದೆ, ಕಾರು ಏರುವುದಿಲ್ಲ.

ಹೀಗಾಗಿ ನನ್ನ ಕ್ರಮ ಹೊರಗಿನಿಂದ ಒಳಗೆ. ಮೊದಲು ಪೆಡಲನ್ನು ಮಾಸ್ಟರ್ ಸಿಲಿಂಡರಿನ ರಾಡಿಗೆ ಜೋಡಿಸುವ ಕ್ಲೆವಿಸ್ ಪಿನ್. ಅದು ಸವೆದು ರಂಧ್ರ ಅಂಡಾಕಾರವಾಗಿದ್ದರೆ ಓಟ ಅಲ್ಲೇ ಕಳೆದುಹೋಗುತ್ತದೆ, ಅದಕ್ಕೆ ಇಂಜಿನ್ ಇಳಿಸುವ ಅಗತ್ಯವಿಲ್ಲ. ಆಮೇಲೆ ಸ್ಲೇವ್ ರಾಡಿನ ಓಟ. ಓಟ ಸರಿಯಿದ್ದೂ ಗೇರ್ ಕರಕರ ಅಂದರೆ ತಪ್ಪು ಒಳಗಿದೆ. ಓಟ ಕಡಿಮೆಯಿದ್ದು ಪೆಡಲ್ ಮೆತ್ತಗಿದ್ದರೆ ತಪ್ಪು ಆಯಿಲ್ ಸಾಲಿನಲ್ಲಿದೆ. ಓಟ ಕಡಿಮೆಯಿದ್ದೂ ಪೆಡಲ್ ಗಟ್ಟಿಯಿದ್ದರೆ ಏನೋ ಅಡ್ಡ ಬರುತ್ತಿದೆ ಎಂದೇ ಅರ್ಥ. ಇಷ್ಟಕ್ಕೆ ಬೇಕಾಗುವುದು ಒಂದು ಸ್ಕೇಲು, ಒಂದು ಟಾರ್ಚು, ಪೆಡಲ್ ತುಳಿಯಲು ಒಬ್ಬರು.

ಇಂಜಿನ್ ಇಳಿದಾಗ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಅಳೆಯದೆ ಏನನ್ನೂ ಬಿಗಿಯಬೇಡಿ. ಪೆಟ್ಟಿಗೆಯ ಮೇಲೆ ನಿಮ್ಮ ಕಾರಿನ ಹೆಸರೇ ಇದ್ದರೂ ಅಳೆಯಿರಿ. ಕೆಲಸ ಮುಗಿದ ಮೇಲೆ ಯಾವ ಇಂಜಿನ್, ಯಾವ ಗೇರ್‌ಬಾಕ್ಸ್, ಯಾವ ನಂಬರಿನ ಸಾಮಾನು ಹಾಕಿದ್ದೀರಿ ಎಂದು ಬರೆದು ಕಾರಿನ ಕಾಗದಪತ್ರಗಳ ಜೊತೆ ಇಡಿ. ಈ ಕಾರುಗಳು ನಮ್ಮ ನಂತರವೂ ಓಡುವಂಥವು. ಮುಂದೆ ಅವುಗಳ ಬಾನೆಟ್ ಎತ್ತುವವರಿಗೆ ನಾವು ಕೊಡಬಹುದಾದ ದೊಡ್ಡ ಸಹಾಯ ಆ ಒಂದು ಹಾಳೆ.