ಗೆದ್ದ ಮೇಲೆ ಏನು ಮಾಡಿದ?

ಯುದ್ಧ ಯಾರ ನಡುವೆ, ಯಾವ ವರ್ಷ, ಗೆದ್ದವರು ಯಾರು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಇತಿಹಾಸವೆಂದರೆ ಈ ಮೂರು ಪ್ರಶ್ನೆ. ಬಾಗಲಕೋಟೆಯಲ್ಲಿ ಬಿ.ಇ. ಓದುತ್ತಲೇ ಕೆಎಎಸ್ ಕನಸು ಕಾಣುವ ನಾನೂ ಇವನ್ನೇ ಉರು ಹೊಡೆಯುತ್ತೇನೆ. ಆದರೆ ನಾಲ್ಕನೆಯ ಪ್ರಶ್ನೆಯೊಂದಿದೆ. ಗೆದ್ದವನು ಸೋತವನ ಊರಿನಲ್ಲಿ ಏನು ಮಾಡಿದ?

ಗ್ರೀಕರ ಕಥೆಯನ್ನೇ ನೋಡಿ. ಕ್ರಿ.ಪೂ. 480ರಲ್ಲಿ ಪರ್ಷಿಯಾದ ದೊರೆ ಕ್ಸರ್ಕ್ಸೀಸ್ ದಂಡೆತ್ತಿ ಬಂದು ಅಥೆನ್ಸ್ ನಗರವನ್ನು ಸುಟ್ಟ. ಮರುವರ್ಷ, ತಮ್ಮತಮ್ಮಲ್ಲೇ ಕಚ್ಚಾಡುತ್ತಿದ್ದ ಗ್ರೀಕ್ ನಗರಗಳು ಒಂದಾಗಿ ಪ್ಲಾಟಿಯಾದಲ್ಲಿ ಪರ್ಷಿಯನ್ನರನ್ನು ಸೋಲಿಸಿದವು. ಹೀಗೆ ಒಟ್ಟಾಗಿ ನಿಂತ 31 ನಗರಗಳ ಹೆಸರನ್ನು ಕಂಚಿನ ಕಂಬದ ಮೇಲೆ ಕೊರೆಸಿದರು. ಆ ಕಂಬ ಈಗ ಇಸ್ತಾಂಬುಲ್‌ನಲ್ಲಿದೆ. ಆದರೆ ಲೆಕ್ಕ ಅಲ್ಲಿಗೆ ಚುಕ್ತಾ ಆಗಲಿಲ್ಲ. 150 ವರ್ಷಗಳ ನಂತರ, ಕ್ರಿ.ಪೂ. 330ರಲ್ಲಿ, ಅಲೆಕ್ಸಾಂಡರ್ ಪರ್ಸೆಪೊಲಿಸ್ ಅರಮನೆಗೆ ಬೆಂಕಿ ಹಚ್ಚಿದ. ಅದು ಅಥೆನ್ಸಿನ ಸೇಡು ಎಂದೇ ಗ್ರೀಕ್ ಬರಹಗಾರರು ದಾಖಲಿಸಿದರು.

ಇಂಥದ್ದೇ ಕಥೆ ನಮ್ಮ ಜಿಲ್ಲೆಯಲ್ಲೂ ಇದೆ. ಇಳಕಲ್ಲಿನಿಂದ ಬಾಗಲಕೋಟೆಗೆ ಬರುವಾಗ ಹುನಗುಂದ ದಾಟಿ ಅಮೀನಗಡ ತಲುಪಿದರೆ ಐಹೊಳೆಗೆ ದಾರಿ ಕವಲೊಡೆಯುತ್ತದೆ. ಅಲ್ಲಿನ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿ ರಚಿಸಿದ 634ರ ಶಾಸನವಿದೆ. ಇಮ್ಮಡಿ ಪುಲಿಕೇಶಿ ಹರ್ಷನನ್ನು ತಡೆದದ್ದನ್ನು, ಪಲ್ಲವ ದೊರೆಯನ್ನು ಕಂಚಿಯ ಕೋಟೆಯೊಳಗೆ ಅಟ್ಟಿದ್ದನ್ನು ಅದು ಹಾಡಿ ಹೊಗಳುತ್ತದೆ.

ಎಂಟೇ ವರ್ಷದಲ್ಲಿ ಚಕ್ರ ತಿರುಗಿತು. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದು 'ವಾತಾಪಿಕೊಂಡ' ಎಂಬ ಬಿರುದು ಧರಿಸಿದ. ಅವನ ಶಾಸನ ಇಂದಿಗೂ ಬಾದಾಮಿಯ ಬಂಡೆಯ ಮೇಲಿದೆ. ರಾಜಧಾನಿಯನ್ನು ಮರಳಿ ಪಡೆಯಲು ಪುಲಿಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯನಿಗೆ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅದಕ್ಕೆ ಗಂಗರ ನೆರವೂ ಬೇಕಾಯಿತು.

ಮುಂದೆ ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು ಒಳಹೊಕ್ಕ. ಮನಸ್ಸು ಮಾಡಿದ್ದರೆ ಬಾದಾಮಿಯ ಸೇಡು ತೀರಿಸಿಕೊಳ್ಳಬಹುದಿತ್ತು. ಅವನು ಊರನ್ನು ಹಾಳುಗೆಡವಲಿಲ್ಲ. ರಾಜಸಿಂಹೇಶ್ವರ ಗುಡಿಯ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಬಿಟ್ಟುಕೊಟ್ಟ. ಈ ಮಾತನ್ನು ಹೇಳುವ ಕನ್ನಡ ಶಾಸನ ಇಂದು ಕೈಲಾಸನಾಥ ಎಂದು ಕರೆಯುವ ಅದೇ ಗುಡಿಯ ಕಂಬದ ಮೇಲಿದೆ. ತಮಿಳು ನಾಡಿನ ನಡುವೆ ಕನ್ನಡದ ಅಕ್ಷರ!

ಅವನೇನೂ ಸಂತನಲ್ಲ. ಅವನ ದಂಡಯಾತ್ರೆಯಲ್ಲೂ ಜನ ಸತ್ತಿದ್ದಾರೆ. ಆದರೆ ಕೊಳ್ಳೆ ಹೊಡೆಯುವ ಬಲವಿದ್ದಾಗಲೂ ಕೈ ಹಿಂದೆಗೆದ. ಈ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಇಂದಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದಳು. ಅದರ ವಿನ್ಯಾಸದಲ್ಲಿ ಕಂಚಿಯ ಗುಡಿಯ ಛಾಯೆಯನ್ನು ವಿದ್ವಾಂಸರು ಗುರುತಿಸುತ್ತಾರೆ. ಗೆದ್ದವರು ಸೋತವರಿಂದ ಕಲಿತು ಕಟ್ಟಿದ ಗುಡಿ ಅದು. ಎಂಜಿನಿಯರಿಂಗ್ ಓದುವ ನನಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಇಂದು ನಮ್ಮ ವಯಸ್ಸಿನವರು ಮೊಬೈಲಿನಲ್ಲಿ ರಾಜರ ಹೆಸರು ಹಿಡಿದು ಜಗಳವಾಡುತ್ತಾರೆ. ಸಾವಿರ ವರ್ಷ ಹಿಂದಿನ ಸೋಲಿಗೆ ಇಂದು ಸೇಡು ಕೇಳುತ್ತಾರೆ. ಬಾದಾಮಿಯಲ್ಲಿ ಪಲ್ಲವರ ಶಾಸನವಿದೆ, ಕಂಚಿಯಲ್ಲಿ ಚಾಲುಕ್ಯರ ಶಾಸನವಿದೆ. ಒಂದು ಊರು ಗೆದ್ದದ್ದನ್ನು ಹೇಳುತ್ತದೆ, ಇನ್ನೊಂದು ಗೆದ್ದ ಮೇಲೆ ಬಿಟ್ಟುಕೊಟ್ಟದ್ದನ್ನು. ಪರೀಕ್ಷೆಯಲ್ಲಿ ಮೊದಲನೆಯದಕ್ಕೆ ಅಂಕ ಸಿಗುತ್ತದೆ. ಬದುಕಿಗೆ ಎರಡನೆಯದನ್ನೂ ಓದಿಕೊಳ್ಳೋಣ.